ಕಲಾ ಇತಿಹಾಸವೋ, ಸಂರಕ್ಷಣೆಯೋ? ಪಿಎಚ್‌ಡಿಗೆ ಹೊರಟ ನಮ್ಮ ಕಡೆಯವರಿಗೆ

"ಅಣ್ಣಾರ, ಪಿಎಚ್‌ಡಿ ಎಲ್ಲಿ ಮಾಡೋದು ಚಲೋ?"

ವರ್ಷಕ್ಕೆ ಹತ್ತು ಸಲವಾದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತದೆ. ಕೊಪ್ಪಳ ಬಸ್ ಸ್ಟ್ಯಾಂಡಿನ ಎದುರು ಚಹಾ ಕುಡಿಯುವಾಗ, ಗಂಗಾವತಿಯ ಮದುವೆ ಊಟದ ಪಂಕ್ತಿಯಲ್ಲಿ, ರಾತ್ರಿ ಹನ್ನೊಂದಕ್ಕೆ ವಾಟ್ಸಾಪಿನಲ್ಲಿ. ಈ ವರ್ಷ ಮೂರು ಜನ ಬಿಡದೆ ಕೇಳಿದರು. ಒಬ್ಬ ಕಿನ್ನಾಳದ ಪಕ್ಕದ ಹಳ್ಳಿಯ ಹುಡುಗ, ಎಂವಿಎ, ಅಂದರೆ ದೃಶ್ಯಕಲೆಯ ಸ್ನಾತಕೋತ್ತರ ಪದವಿ ಮುಗಿಸಿದ್ದಾನೆ. ಇನ್ನೊಬ್ಬಳು ಬಳ್ಳಾರಿಯವಳು, ಕೆಮಿಸ್ಟ್ರಿಯಲ್ಲಿ ಎಂಎಸ್ಸಿ, ಹಂಪಿಯ ಚಾವಣಿ ಚಿತ್ರಗಳ ಹುಚ್ಚು. ಮೂರನೆಯವರು ಸಿಂಧನೂರಿನ ಕಡೆ ಪಿಯು ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಇಬ್ಬರು ಮಕ್ಕಳು, ಮನೆ ಸಾಲ, ವಯಸ್ಸು ನಲವತ್ತೊಂದು.

ಮೂವರೂ ಕೇಳಿದ್ದು ಊರಿನ ಹೆಸರು. ಹಂಪಿಯಾ, ಹೈದರಾಬಾದಾ, ದೆಹಲಿಯಾ, ಫಾರಿನ್ನಾ? ನಾನು ಮೂವರಿಗೂ ತಿರುಗಿ ಒಂದೇ ಪ್ರಶ್ನೆ ಕೇಳಿದೆ. ಅಲ್ಲಿಂದಲೇ ಶುರು ಮಾಡೋಣ.

ಮೊದಲು ನಿಮ್ಮ ಪ್ರಶ್ನೆ ಯಾವುದು?

ಹಂಪಿಯ ವಿರೂಪಾಕ್ಷ ಗುಡಿಗೆ ಹೋದಾಗ ರಂಗಮಂಟಪದಲ್ಲಿ ನಿಂತು ಕತ್ತು ಎತ್ತಿ ನೋಡಿ. ವಿದ್ಯಾರಣ್ಯರ ಪಲ್ಲಕ್ಕಿ ಮೆರವಣಿಗೆ ಇದೆ, ಅರ್ಜುನ ಮತ್ಸ್ಯಯಂತ್ರಕ್ಕೆ ಗುರಿ ಇಟ್ಟಿದ್ದಾನೆ, ಗಿರಿಜಾ ಕಲ್ಯಾಣ ಇದೆ. ಇದನ್ನು ನೋಡಿದಾಗ ನಿಮ್ಮ ತಲೆಗೆ ಏನು ಬರುತ್ತದೆ?

"ಇದು ನಿಜವಾಗಿ ವಿಜಯನಗರದ ಕಾಲದ್ದಾ, ಆಮೇಲೆ ಯಾರಾದರೂ ಮತ್ತೆ ಬರೆದರಾ? ಮೆರವಣಿಗೆಯಲ್ಲಿ ಇವರು ಹಾಕಿದ ಕುಲಾವಿ ಯಾವ ಕಾಲದ್ದು? ಬರೆಸಿದವರು ಯಾರು?" ಇಂಥವು ಬಂದರೆ ನಿಮ್ಮದು ಕಲಾ ಇತಿಹಾಸ.

"ಆ ಮೂಲೆಯಲ್ಲಿ ಬಣ್ಣ ಯಾಕೆ ಹಕ್ಕಳೆ ಎದ್ದಿದೆ? ಮೇಲಿನ ಮಸಿ ತೆಗೆದರೆ ಕೆಳಗಿನ ಕೆಂಪು ಉಳಿಯುತ್ತಾ?" ಅಂತ ಬಂದರೆ ನಿಮ್ಮದು ಸಂರಕ್ಷಣೆ.

ಇವೆರಡನ್ನೂ ಒಂದೇ ಅಂದುಕೊಂಡು ಅರ್ಜಿ ಹಾಕುವವರೇ ಜಾಸ್ತಿ. ಸಂರಕ್ಷಣೆ ಅಂದರೆ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ಹಳೆಯ ಗುಡಿಯ ಮಾಳಿಗೆ ಸೋರುತ್ತದೆ. ನೀರು ಸುಣ್ಣದ ಗಾರೆಯೊಳಗೆ ಇಳಿದು, ಅಲ್ಲಿರುವ ಉಪ್ಪನ್ನು ಕರಗಿಸಿಕೊಂಡು, ಚಿತ್ರ ಇರುವ ಕಡೆಗೆ ಬರುತ್ತದೆ. ಬೇಸಿಗೆಯಲ್ಲಿ ನೀರು ಆರುತ್ತದೆ, ಉಪ್ಪು ಹರಳುಗಟ್ಟುತ್ತದೆ. ಆ ಹರಳು ಬಣ್ಣದ ಪದರವನ್ನು ಹಿಂದಿನಿಂದ ದೂಡುತ್ತದೆ. ಬಣ್ಣ ಉದುರುತ್ತದೆ. ಇದನ್ನು ನೋಡಿದ ಊರಿನವರು ಪ್ರೀತಿಯಿಂದಲೇ ಸಿಮೆಂಟು ಮೆತ್ತಿಸುತ್ತಾರೆ. ಸಿಮೆಂಟಿನೊಳಗೆ ತೇವ ಸರಾಗವಾಗಿ ಓಡಾಡುವುದಿಲ್ಲ. ಅದರಲ್ಲೂ ಉಪ್ಪಿದೆ. ಹಾಗಾಗಿ ತೇವ ಪಕ್ಕದ ಹಳೆಯ ಗಾರೆಯಿಂದ ದಾರಿ ಮಾಡಿಕೊಳ್ಳುತ್ತದೆ. ಮೂರು ಮಳೆಗಾಲ ಹೋದರೆ ಸಿಮೆಂಟು ಗಟ್ಟಿಯಾಗಿರುತ್ತದೆ, ಅದರ ಸುತ್ತಲಿನ ಚಿತ್ರ ಹೋಗಿರುತ್ತದೆ. ಇದನ್ನು ತಡೆಯಲು ಕೆಮಿಸ್ಟ್ರಿ ಬೇಕು, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು.

ಪಿಎಚ್‌ಡಿ ನಿಮಗೆ ಆ ಕೈಯನ್ನು ಕೊಡುವುದಿಲ್ಲ. ಈ ಬರಹದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಜಗತ್ತಿನ ಬಹಳ ಕಡೆ ಸಂರಕ್ಷಕರಾಗುವ ದಾರಿ ಸ್ನಾತಕೋತ್ತರ ಪದವಿ ಮತ್ತು ವರ್ಷಗಟ್ಟಲೆ ಮೇಜಿನ ಮುಂದಿನ ಕೆಲಸ. ಪಿಎಚ್‌ಡಿ ಬರುವುದು ಅದರ ಮೇಲೆ, ಹೊಸದೇನನ್ನಾದರೂ ಕಂಡುಹಿಡಿಯಬೇಕು ಅಂದಾಗ. ಬಳ್ಳಾರಿಯ ಹುಡುಗಿಗೆ ಇದನ್ನು ಹೇಳಿದಾಗ ಅವಳ ಮುಖ ಸಣ್ಣದಾಯಿತು. "ಹಂಗಾದ್ರ ಮತ್ತೆ ಎಂಎ ಮಾಡ್ಬೇಕಾ ಸರ್?" ಹೌದಮ್ಮ, ಬಹುಶಃ ಮಾಡಬೇಕು.

ಎರಡರ ನಡುವೆ ಒಂದು ಕಾಲುದಾರಿಯೂ ಇದೆ. ಒಂದು ವಸ್ತುವನ್ನು ಹೇಗೆ ಮಾಡಿದರು, ಯಾವುದರಿಂದ ಮಾಡಿದರು ಅನ್ನುವುದರ ಇತಿಹಾಸ. ಕಿನ್ನಾಳದ ಗೊಂಬೆಯನ್ನೇ ತಗೊಳ್ಳಿ. ಹಗುರ ಕಟ್ಟಿಗೆ, ಅದರ ತುಂಡುಗಳನ್ನು ಕೂಡಿಸಲು ಹುಣಸೆಬೀಜದ ಅಂಟು. ಮೈಮೇಲೆ ಸೆಣಬಿನ ಚೂರು, ಕಟ್ಟಿಗೆ ಹೊಟ್ಟು, ಅದೇ ಹುಣಸೆಬೀಜದ ಅಂಟು ಕಲಸಿ ಮಾಡಿದ ಕಿಟ್ಟ. ಒಡವೆಗಳನ್ನು ಉಬ್ಬಿಸಲು ಬೆಣಚುಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸುತ್ತಾರೆ. ಚಿತ್ರಗಾರರ ಮನೆಯ ಅಜ್ಜನೊಬ್ಬ ಬೆರಳ ತುದಿಯಲ್ಲಿ ಆ ಅಂಟನ್ನು ಎಳೆದು ನೋಡಿ "ಇನ್ನೂ ಸ್ವಲ್ಪ ಕುದೀಬೇಕು" ಅಂದದ್ದನ್ನು ನಾನು ಕಂಡಿದ್ದೇನೆ. ಎಷ್ಟು ಕುದಿಯಬೇಕು ಅನ್ನುವುದು ಯಾವ ಪುಸ್ತಕದಲ್ಲೂ ಇಲ್ಲ, ಆ ಬೆರಳಿನಲ್ಲಿದೆ. ಅದನ್ನು ಬರೆದಿಟ್ಟರೆ ಅದೇ ಒಂದು ಥೀಸಿಸ್. ನಮ್ಮ ಎಂವಿಎ ಹುಡುಗ ಇದರ ಪಕ್ಕದಲ್ಲೇ ಹುಟ್ಟಿ ಬೆಳೆದು, ಯುರೋಪಿನ ಆಧುನಿಕ ಚಿತ್ರಕಲೆಯ ಮೇಲೆ ಸಿನಾಪ್ಸಿಸ್ (ಸಂಶೋಧನೆಯ ರೂಪುರೇಷೆ) ಬರೆದುಕೊಂಡು ಬಂದಿದ್ದ!

ಯಾವುದರಿಂದ ಅಳೆಯುವುದು

ವಿಶ್ವವಿದ್ಯಾಲಯದ ಹೆಸರನ್ನು ನಾನು ಕೊನೆಗೆ ಇಡುತ್ತೇನೆ. ಮೊದಲು ಗೈಡ್. ಆಮೇಲೆ ದುಡ್ಡು. ಆಮೇಲೆ ನೀವು ಅಧ್ಯಯನ ಮಾಡುವ ವಸ್ತು, ಗುಡಿಯೋ ಚಿತ್ರವೋ, ಎಷ್ಟು ದೂರದಲ್ಲಿದೆ ಅನ್ನುವುದು. ಯಾವ ಭಾಷೆಯಲ್ಲಿ ಬರೆಯುತ್ತೀರಿ, ಮುಗಿದ ಮೇಲೆ ಏನು ಮಾಡುತ್ತೀರಿ ಅನ್ನುವುದು ಇವುಗಳ ಜೊತೆಗೇ ಬರುತ್ತವೆ.

ಗೈಡ್ ವಿಷಯದಲ್ಲಿ ನನ್ನದೇ ಕಥೆ ಹೇಳಬೇಕು. ನಾನು ನೋಂದಾಯಿಸಿದಾಗ ನನ್ನ ಗೈಡ್‌ಗೆ ನಿವೃತ್ತಿಗೆ ಎರಡೂವರೆ ವರ್ಷ ಬಾಕಿ ಇತ್ತು. ನನಗೆ ಅದು ತಲೆಗೇ ಹೋಗಲಿಲ್ಲ. ಒಳ್ಳೆಯವರು, ವಿಷಯ ಬಲ್ಲವರು, ಖುಷಿಯಿಂದ ಸಹಿ ಹಾಕಿಸಿಕೊಂಡೆ. ನಾನು ಫೀಲ್ಡ್‌ವರ್ಕ್ ಮುಗಿಸುವಷ್ಟರಲ್ಲಿ ಅವರು ಶಾಲು ಹಾರ ಹಾಕಿಸಿಕೊಂಡು ಮನೆಗೆ ಹೋದರು. ಹೊಸ ಗೈಡ್ ಸಿಗಲು ಹದಿನಾಲ್ಕು ತಿಂಗಳು ಬೇಕಾಯಿತು. ಅವರದು ರಾಜಕೀಯ ಇತಿಹಾಸ. ನನ್ನ ಭಿತ್ತಿಚಿತ್ರದ ಸಿನಾಪ್ಸಿಸ್ ಓದಿ, "ಇದರಾಗ ಯುದ್ಧ ಎಲ್ಲಿ ಬರ್ತದ?" ಅಂದರು. ಆ ವಿಶ್ವವಿದ್ಯಾಲಯದ ಹೆಸರು ಬೇಡ ಬಿಡಿ.

ಈಗ ಯುಜಿಸಿಯ 2022ರ ನಿಯಮ ಇದಕ್ಕೆ ಸ್ವಲ್ಪ ಬೇಲಿ ಹಾಕಿದೆ. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವ ಹಾಗಿಲ್ಲ. ಪ್ರೊಫೆಸರಿಗೆ ಒಮ್ಮೆಗೆ 8 ಜನ, ಅಸೋಸಿಯೇಟ್ ಪ್ರೊಫೆಸರಿಗೆ 6, ಅಸಿಸ್ಟೆಂಟ್ ಪ್ರೊಫೆಸರಿಗೆ 4. ಆದರೆ ಮೂರು ವರ್ಷ ಅನ್ನುವುದು ಪಿಎಚ್‌ಡಿಯ ಕನಿಷ್ಠ ಅವಧಿ ಮಾತ್ರ. ಗರಿಷ್ಠ 6. ನಮ್ಮ ವಿಷಯದಲ್ಲಿ ಮೂರೇ ವರ್ಷಕ್ಕೆ ಮುಗಿಸುವವರು ಕಡಿಮೆ. ಆದ್ದರಿಂದ ಕನಿಷ್ಠ ಐದು ವರ್ಷ ಸರ್ವಿಸ್ ಉಳಿದಿರುವವರನ್ನು ಹುಡುಕಿ.

ಹುಡುಕುವುದು ಹೇಗೆ? ಶೋಧಗಂಗಾ ಅನ್ನುವ ವೆಬ್‌ಸೈಟ್ ತೆಗೆಯಿರಿ. ದೇಶದ ವಿಶ್ವವಿದ್ಯಾಲಯಗಳ ಥೀಸಿಸ್‌ಗಳು ಅಲ್ಲಿ ಪುಕ್ಕಟೆ ಸಿಗುತ್ತವೆ. ಗೈಡ್ ಹೆಸರು ಹಾಕಿ ಹುಡುಕಿ. ಅವರ ಕೈಯಲ್ಲಿ ಎಷ್ಟು ಜನ ಮುಗಿಸಿದ್ದಾರೆ, ಯಾವ ವಿಷಯ, ಎಷ್ಟು ವರ್ಷ ಹಿಡಿಯಿತು ನೋಡಿ. ಒಂದು ಥೀಸಿಸ್‌ನ ಕೊನೆಯ ಅಧ್ಯಾಯ ಓದಿ. ಆಮೇಲೆ ಆಕರ ಗ್ರಂಥಗಳ ಪಟ್ಟಿ ನೋಡಿ. ಕಳೆದ ಹದಿನೈದು ವರ್ಷದ ಒಂದು ಪುಸ್ತಕವೂ ಇಲ್ಲದಿದ್ದರೆ ಜಾಗ ಬದಲಿಸಿ. ಶೀರ್ಷಿಕೆಗಳೆಲ್ಲ "ಇಂಥ ತಾಲ್ಲೂಕಿನ ದೇವಾಲಯಗಳು: ಒಂದು ಅಧ್ಯಯನ" ಅಂತಲೇ ಇದ್ದರೆ, ನಿಮ್ಮದೂ ಅದೇ ಆಗುತ್ತದೆ.

ಇನ್ನು ದುಡ್ಡು. ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಕೊಡುವ ಫೆಲೋಶಿಪ್) ಬಂದರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಇದರಲ್ಲಿ ಒಂದು ಸೂಕ್ಷ್ಮ ಇದೆ. ಈ ಹಣ ನೀವು ಬಳ್ಳಾರಿಯಲ್ಲಿದ್ದರೂ ಅಷ್ಟೇ, ದೆಹಲಿಯಲ್ಲಿದ್ದರೂ ಅಷ್ಟೇ. ಹೊಸಪೇಟೆಯಲ್ಲಿ ರೂಮು ಮಾಡಿಕೊಂಡು 37,000ದಲ್ಲಿ ಬದುಕಿ, ಮನೆಗೂ ಕಳಿಸಬಹುದು. ದೆಹಲಿಯಲ್ಲಿ ಹಾಸ್ಟೆಲ್ ಸಿಗದಿದ್ದರೆ ಬಾಡಿಗೆಗೇ ಅರ್ಧ ಹೋಗುತ್ತದೆ.

2024ರ ಜೂನ್‌ನಿಂದ ನೆಟ್ ಅಂಕವೇ ಪಿಎಚ್‌ಡಿ ಪ್ರವೇಶಕ್ಕೂ ಬಳಕೆಯಾಗುತ್ತಿದೆ. ಜೆಆರ್‌ಎಫ್ ಬಾರದಿದ್ದರೂ ಪಿಎಚ್‌ಡಿಗೆ ಮಾತ್ರ ಅರ್ಹತೆ ಸಿಗಬಹುದು. ಆಗ ನೆಟ್ ಅಂಕಕ್ಕೆ 70, ಸಂದರ್ಶನಕ್ಕೆ 30ರ ತೂಕ. ಆ ಅಂಕ ಒಂದು ವರ್ಷ ಮಾತ್ರ ನಡೆಯುತ್ತದೆ. ವಿಷಯ ಆರಿಸುವಾಗ ಎಚ್ಚರ. ನೆಟ್‌ನಲ್ಲಿ ದೃಶ್ಯಕಲೆ, ಪುರಾತತ್ವ, ಇತಿಹಾಸ, 'ಮ್ಯೂಸಿಯಾಲಜಿ ಮತ್ತು ಕನ್ಸರ್ವೇಷನ್' (ವಸ್ತುಸಂಗ್ರಹಾಲಯ ಶಾಸ್ತ್ರ ಮತ್ತು ಸಂರಕ್ಷಣೆ) ಬೇರೆ ಬೇರೆ ಪತ್ರಿಕೆಗಳು. ನೀವು ಸೇರಬೇಕೆಂದಿರುವ ವಿಭಾಗ ಯಾವ ಪತ್ರಿಕೆಯನ್ನು ಒಪ್ಪುತ್ತದೆ ಅಂತ ಮೊದಲು ಕೇಳಿ, ಆಮೇಲೆ ಫಾರಂ ತುಂಬಿ. ಇನ್ನೊಂದು ಕಿರಿಕಿರಿ: ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದಲ್ಲಿ ಎಂಎ ಮಾಡಿದವರು ಇದಕ್ಕೆ ಆರು ತಿಂಗಳು ಜಾಸ್ತಿ ಇಟ್ಟುಕೊಳ್ಳಬೇಕು.

ಪಿಜಿಯಲ್ಲಿ 55 ಶೇಕಡಾ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರಿಗೆ 50. ಬಳ್ಳಾರಿ, ಕೊಪ್ಪಳ, ರಾಯಚೂರು, ನಮ್ಮ ಈ ಮೂರು ಜಿಲ್ಲೆಯವರ ಹತ್ತಿರ ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟ್ ಇರಲೇಬೇಕು. ಅದಕ್ಕಾಗಿ ಅಧಿಸೂಚನೆ ಬಂದ ಮೇಲೆ ಕಚೇರಿಗೆ ಓಡಬೇಡಿ, ಈಗಲೇ ಮಾಡಿಸಿಟ್ಟುಕೊಳ್ಳಿ.

ಮನೆ ಹತ್ತಿರದ ಆಯ್ಕೆ

ಹಂಪಿ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾದದ್ದು. ಸಂಶೋಧನೆಗಾಗಿಯೇ ಕಟ್ಟಿದ್ದು, ಬರೆಯುವುದು ಕನ್ನಡದಲ್ಲಿ. ಪ್ರಾಚೀನ ಇತಿಹಾಸ ಮತ್ತು ಪುರಾತತ್ವ, ದೃಶ್ಯಕಲೆ, ಹಸ್ತಪ್ರತಿ ಎಲ್ಲಕ್ಕೂ ವಿಭಾಗಗಳಿವೆ. ಬಳ್ಳಾರಿ, ಕೊಪ್ಪಳ ಜಿಲ್ಲೆಗಳ ಶಾಸನ ಸಂಪುಟಗಳನ್ನು ಪ್ರಕಟಿಸಿದವರೂ ಇವರೇ. ನಮ್ಮ ಭಾಗದ ಗುಡಿಗಳ ಮೇಲೆ ಕೆಲಸ ಮಾಡುವವರಿಗೆ ಆ ಸಂಪುಟಗಳಿಲ್ಲದೆ ಕೈ ಕಾಲು ಆಡುವುದಿಲ್ಲ. ಬಳ್ಳಾರಿಯಲ್ಲಿ 2010ರಲ್ಲಿ ಶುರುವಾದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ರಾಯಚೂರು ಮತ್ತು ಕೊಪ್ಪಳದವು ಇನ್ನೂ ಎಳೆಯವು. ಅಲ್ಲಿ ನಿಮ್ಮ ವಿಷಯಕ್ಕೆ ಗೈಡ್ ಇದ್ದಾರಾ ಅನ್ನುವುದೊಂದೇ ಪ್ರಶ್ನೆ. ಇದ್ದರೆ ಸೇರಿ, ಇಲ್ಲದಿದ್ದರೆ ಹತ್ತಿರ ಅನ್ನುವ ಕಾರಣಕ್ಕೆ ಸೇರಬೇಡಿ.

ಈ ಆಯ್ಕೆಯ ದೊಡ್ಡ ಲಾಭ ವಸ್ತುವೇ ಅಂಗಳದಲ್ಲಿರುವುದು. ಇಟಗಿಯ ಮಹಾದೇವ ಗುಡಿ, 1112ರದ್ದು. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು, ಶಾಸನವೇ ಅದನ್ನು 'ದೇವಾಲಯ ಚಕ್ರವರ್ತಿ' ಅನ್ನುತ್ತದೆ. ಪಕ್ಕದಲ್ಲೇ ಕುಕನೂರಿನಲ್ಲಿ ಅದಕ್ಕಿಂತ ಹಳೆಯ ನವಲಿಂಗ ಗುಡಿ. ಎರಡಕ್ಕೂ ಒಂದೇ ದಿನ ಹೋಗಿ ಕಂಬಗಳನ್ನು ಮಾತ್ರ ನೋಡಿ. ಆ ವ್ಯತ್ಯಾಸ ಹೇಗಾಯಿತು ಅಂತ ಕೇಳಿಕೊಂಡರೆ ಒಂದು ಒಳ್ಳೆಯ ಸಿನಾಪ್ಸಿಸ್ ಹುಟ್ಟುತ್ತದೆ. ಹಿರೇಬೆಣಕಲ್‌ನ ಮೋರ್ಯರ ಗುಡ್ಡದ, ಇತಿಹಾಸಪೂರ್ವ ಕಾಲದ ಕಲ್ಮನೆಗಳು 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿವೆ. ರಾಯಚೂರಿನಲ್ಲಿ 1513ರ ಏಕ್ ಮಿನಾರ್ ಮಸೀದಿ, ಮುದಗಲ್ಲಿನ ಕೋಟೆ. ಮಸ್ಕಿಯ ಶಾಸನ 1915ರಲ್ಲಿ ಬಂಗಾರ ಹುಡುಕಲು ಬಂದ ಎಂಜಿನಿಯರ್ ಕಣ್ಣಿಗೆ ಬಿದ್ದದ್ದು, ಅದರಲ್ಲೇ ಅಶೋಕ ಅನ್ನುವ ಹೆಸರು ಸಿಕ್ಕಿದ್ದು.

ದೂರದಿಂದ ಬಂದವರಿಗೆ ಈ ಲಾಭ ಇಲ್ಲ. 1980ರ ದಶಕದಲ್ಲಿ ಹೊರದೇಶದ ಸಂಶೋಧಕರಾದ ಜಾನ್ ಫ್ರಿಟ್ಜ್, ಜಾರ್ಜ್ ಮಿಚೆಲ್ ಪ್ರತಿ ಚಳಿಗಾಲ ಹಂಪಿಯಲ್ಲಿ ಡೇರೆ ಹಾಕಿಕೊಂಡು ಗೋಡೆ ಗೋಡೆ ಅಳೆದರು. ನೀವು ಬೆಳಿಗ್ಗೆ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜೆ ಮನೆಗೆ ಬರಬಹುದು. ಮಳೆ ಬಂದ ದಿನವೇ ಹೋಗಿ ಮಾಳಿಗೆ ಎಲ್ಲಿ ಸೋರುತ್ತದೆ ನೋಡಬಹುದು.

ನಷ್ಟವೂ ಇದೆ. ಸಂರಕ್ಷಣೆಗೆ ಬೇಕಾದ ಪ್ರಯೋಗಾಲಯ ಈ ಕಡೆ ಇಲ್ಲ. ಕಲಾ ಇತಿಹಾಸದ ಹೊಸ ವಾದಗಳ ಬಹುಪಾಲು ಚರ್ಚೆ ಇಂಗ್ಲಿಷಿನಲ್ಲಿ ನಡೆಯುತ್ತದೆ, ನೀವಾಗಿ ಹುಡುಕದಿದ್ದರೆ ಅದು ನಿಮ್ಮ ಕಿವಿಗೆ ಬೀಳುವುದಿಲ್ಲ. ಕನ್ನಡದಲ್ಲಿ ಬರೆದ ಥೀಸಿಸ್ ರಾಜ್ಯದೊಳಗೆ ಚೆನ್ನಾಗಿ ಓಡುತ್ತದೆ. ಹೊರಗೆ ಹೋಗಬೇಕು ಅಂದರೆ ಒಂದೆರಡು ಲೇಖನಗಳನ್ನಾದರೂ ಇಂಗ್ಲಿಷಿನಲ್ಲಿ ಬರೆದಿಡಬೇಕು. ಕನ್ನಡದಲ್ಲಿ ಬರೆಯುವುದು ಕೀಳು ಅಂತ ನಾನು ಒಪ್ಪುವುದಿಲ್ಲ, ನನ್ನದೂ ಕನ್ನಡದ್ದೇ. ಆದರೆ ನೌಕರಿ ಬೋರ್ಡಿನ ಮುಂದೆ ಕುಳಿತಾಗ ಆ ಒಂದೆರಡು ಲೇಖನ ಕೈ ಹಿಡಿಯುತ್ತವೆ.

ಸಿಂಧನೂರಿನ ಮೇಷ್ಟ್ರಿಗೆ ನಾನು ಈ ದಾರಿಯನ್ನೇ ಹೇಳಿದೆ. 2022ರ ನಿಯಮದಲ್ಲಿ ಪಾರ್ಟ್‌ಟೈಮ್ ಪಿಎಚ್‌ಡಿಗೆ ಅವಕಾಶ ಇದೆ, ಕೆಲಸ ಮಾಡುವ ಕಡೆಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕು. ಕೋರ್ಸ್‌ವರ್ಕ್‌ಗೆ ರಜೆ ಹೊಂದಿಸಿಕೊಳ್ಳುವುದೇ ದೊಡ್ಡ ಕಷ್ಟ. ಅವರಿಗೆ ಬೇಕಿರುವುದು ಡಾಕ್ಟರೇಟ್ ಮತ್ತು ತಮ್ಮ ಊರಿನ ಮುದಗಲ್ ಕೋಟೆ. ಅದಕ್ಕೆ ದೆಹಲಿ ಯಾಕೆ?

ಧಾರವಾಡ, ಮೈಸೂರು

ಇಲ್ಲಿ ಜಾಸ್ತಿ ಹೇಳುವುದಿಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಇತಿಹಾಸ ಮತ್ತು ಪುರಾತತ್ವ ವಿಭಾಗ, ಮೈಸೂರಿನ ಪ್ರಾಚೀನ ಇತಿಹಾಸ ಮತ್ತು ಪುರಾತತ್ವ ವಿಭಾಗ ಎರಡೂ ಹಳೆಯವು, ಹೆಸರು ಮಾಡಿದವು. ಹಳೆಯ ಗ್ರಂಥಾಲಯಗಳಿವೆ. ಗುಡಿ, ಶಿಲ್ಪ, ಶಾಸನ ಅಂದರೆ ಸರಿ. ಭಿತ್ತಿಚಿತ್ರ, ಆಧುನಿಕ ಕಲೆ, ಜಾಹೀರಾತು, ಕ್ಯಾಲೆಂಡರ್ ಚಿತ್ರ ಅಂದರೆ ಗೈಡ್ ನೋಡಿ ಹೋಗಿ. ಕೊಪ್ಪಳದಿಂದ ಹುಬ್ಬಳ್ಳಿ ರೈಲು ಹತ್ತಿದರೆ ಧಾರವಾಡ ಅಷ್ಟೇನೂ ದೂರ ಅಲ್ಲ, ವಾರಕ್ಕೊಮ್ಮೆ ಮನೆಗೆ ಬರಬಹುದು.

ಹೈದರಾಬಾದ್, ಬರೋಡ, ದೆಹಲಿ

ಕಲಾ ಇತಿಹಾಸ ಅನ್ನುವುದು ಇತಿಹಾಸ ವಿಭಾಗದ ಒಂದು ಮೂಲೆಯಲ್ಲಿ ಕೂರದೆ, ತನ್ನದೇ ಕುರ್ಚಿಯಲ್ಲಿ ಕೂತಿರುವುದು ಇಲ್ಲಿ. ಹೈದರಾಬಾದಿನ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಸರೋಜಿನಿ ನಾಯ್ಡು ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಕಮ್ಯುನಿಕೇಷನ್ ಇದೆ. ಬರೋಡದ ಎಂ.ಎಸ್. ವಿಶ್ವವಿದ್ಯಾಲಯದ ಲಲಿತಕಲಾ ನಿಕಾಯ 1950ರದ್ದು, ಅಲ್ಲಿ ಕಲಾ ಇತಿಹಾಸ ಮತ್ತು ಸೌಂದರ್ಯಶಾಸ್ತ್ರಕ್ಕೇ ಒಂದು ವಿಭಾಗ. ದೆಹಲಿಯ ಜೆಎನ್‌ಯುನಲ್ಲಿ ಸ್ಕೂಲ್ ಆಫ್ ಆರ್ಟ್ಸ್ ಅಂಡ್ ಈಸ್ತೆಟಿಕ್ಸ್.

ರಾಯಚೂರಿನವರಿಗೆ ಹೈದರಾಬಾದ್ ಬೆಂಗಳೂರಿಗಿಂತ ಹತ್ತಿರ. ಇನ್ನೂರು ಕಿಲೋಮೀಟರಿನ ಆಸುಪಾಸು. ಮಾತಿಗೂ ತೊಂದರೆ ಇಲ್ಲ, ತೆಲುಗು ಹೇಗೂ ಬರುತ್ತದೆ. ಕೇಂದ್ರೀಯ ವಿಶ್ವವಿದ್ಯಾಲಯ ಆದ್ದರಿಂದ ಜೆಆರ್‌ಎಫ್ ಇಲ್ಲದವರಿಗೂ ಯುಜಿಸಿಯ ನಾನ್-ನೆಟ್ ಫೆಲೋಶಿಪ್ ಇದೆ, ತಿಂಗಳಿಗೆ 8,000. ಅದರಲ್ಲಿ ಮೆಸ್ ಬಿಲ್ಲು ಕಟ್ಟಬಹುದು, ಮನೆಗೆ ಕಳಿಸಲಾಗದು. ಆದರೂ ರಾಜ್ಯ ವಿಶ್ವವಿದ್ಯಾಲಯದಲ್ಲಿ ಏನೂ ಇಲ್ಲದೆ ಕೂರುವುದಕ್ಕಿಂತ ವಾಸಿ.

ಇಲ್ಲಿನ ಕಷ್ಟ ಸೀಟು. ಅರ್ಜಿ ದಂಡಿಯಾಗಿ ಬರುತ್ತವೆ, ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು. ಸಂದರ್ಶನ ಇಂಗ್ಲಿಷಿನಲ್ಲಿ. ಎಂವಿಎ ಹುಡುಗ ಇದಕ್ಕೇ ಹೆದರಿಕೊಂಡಿದ್ದ. ನಾನು ಹೇಳಿದ್ದು ಇಷ್ಟೇ: ಹುಣಸೆಬೀಜದ ಅಂಟಿನ ಬಗ್ಗೆ ಅವರಿಗೆ ಗೊತ್ತಿರುವುದಕ್ಕಿಂತ ನಿನಗೆ ಜಾಸ್ತಿ ಗೊತ್ತು. ತಪ್ಪು ಇಂಗ್ಲಿಷಿನಲ್ಲೇ ಹೇಳು, ಕೇಳುತ್ತಾರೆ. ಆದರೆ ಪ್ರಶ್ನೆ ಹೊಸದಿರಬೇಕು. "ಕಿನ್ನಾಳ ಕಲೆ ಅಳಿಯುತ್ತಿದೆ, ಉಳಿಸಬೇಕು" ಅನ್ನುವುದು ಭಾಷಣ. "ಗೊಂಬೆ ಮಾಡುವವರ ಕಿಟ್ಟದ ಕೆಲಸಕ್ಕೂ ಗುಡಿಗಳ ಉತ್ಸವ ಮೂರ್ತಿಗಳ ಕಟ್ಟಿಗೆ ಕೆಲಸಕ್ಕೂ ಇರುವ ನಂಟೇನು?" ಅನ್ನುವುದು ಸಂಶೋಧನೆಯ ಪ್ರಶ್ನೆ.

ಸಂರಕ್ಷಣೆಗೆ ಹೊರಟವರು ನೋಡಬೇಕಾದ ಬಾಗಿಲು ಬೇರೆ. ಮೊದಲು ದೆಹಲಿಯಲ್ಲಿ ನ್ಯಾಷನಲ್ ಮ್ಯೂಸಿಯಂ ಇನ್‌ಸ್ಟಿಟ್ಯೂಟ್ ಅಂತ ಇತ್ತು. ಈಗ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಹೆರಿಟೇಜ್ ಅನ್ನುವ ಹೆಸರಿನಲ್ಲಿ ನೊಯ್ಡಾದಲ್ಲಿದೆ. ಕಲಾ ಇತಿಹಾಸ, ಸಂರಕ್ಷಣೆ, ಮ್ಯೂಸಿಯಾಲಜಿ ಮೂರರಲ್ಲೂ ಎಂಎ ಮತ್ತು ಪಿಎಚ್‌ಡಿ ಇದೆ. ಮೂರೂ ಒಂದೇ ಸೂರಿನಡಿ ಸಿಗುವುದು ಅಪರೂಪ. ಲಕ್ನೋದಲ್ಲಿ 1976ರಲ್ಲಿ ಶುರುವಾದ ರಾಷ್ಟ್ರೀಯ ಸಂರಕ್ಷಣಾ ಪ್ರಯೋಗಾಲಯ ಇದೆ, ಅದರ ಪ್ರಾದೇಶಿಕ ಶಾಖೆ ನಮ್ಮ ಮೈಸೂರಿನಲ್ಲೇ ಇದೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಆವರಣದಲ್ಲಿ ಪರಂಪರೆ ಉಳಿಸುವ ಕೆಲಸದ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರ ಇದೆ. ಬಳ್ಳಾರಿಯ ಹುಡುಗಿಗೆ ನನ್ನ ಸಲಹೆ ಇದು: ಮೊದಲು ಇಂಥ ಕಡೆ ತರಬೇತಿಯೋ, ಇಂಟರ್ನ್‌ಶಿಪ್ಪೋ ಹಿಡಿ. ಹತ್ತಿಯ ಉಂಡೆ ಹಿಡಿದು ದಿನವಿಡೀ ಅಂಗೈಯಗಲದ ಜಾಗ ಒರೆಸಿ ನೋಡು. ಬೇಜಾರಾಗದಿದ್ದರೆ ಎಂಎ ಮಾಡು. ಆಮೇಲೆ ಪಿಎಚ್‌ಡಿ.

ಇನ್ನೊಂದು ಮಾತು. ಎಎಸ್‌ಐ (ಕೇಂದ್ರದ ಪುರಾತತ್ವ ಇಲಾಖೆ) ಸುಪರ್ದಿಯ ಗುಡಿಯಿಂದ ಉಗುರಿನಷ್ಟು ಗಾರೆ ತೆಗೆಯಲೂ ಅವರ ಅನುಮತಿ ಬೇಕು. ರಾಜ್ಯ ಪುರಾತತ್ವ ಇಲಾಖೆಯ ಸ್ಮಾರಕಗಳಿಗೂ ಹಾಗೆಯೇ. ಅನುಮತಿ ಬೇಗ ಬರುತ್ತದೆ ಅಂತ ನಂಬಿ ವರ್ಷದ ಲೆಕ್ಕ ಹಾಕಬೇಡಿ. ಮಾದರಿ ತೆಗೆಯದೆ ಫೋಟೋ, ಅಳತೆ, ತೇವದ ದಾಖಲೆಯಿಂದಲೇ ಆಗುವ ಒಂದು ಅಧ್ಯಾಯವನ್ನು ಜೊತೆಗೆ ಇಟ್ಟುಕೊಂಡಿರಿ.

ಹೊರದೇಶ

ಅಮೆರಿಕದಲ್ಲಿ ಕಲಾ ಇತಿಹಾಸದ ಪಿಎಚ್‌ಡಿ ಐದಾರು ವರ್ಷ, ಎಷ್ಟೋ ಜನರಿಗೆ ಅದಕ್ಕಿಂತ ಹೆಚ್ಚು. ಒಳ್ಳೆಯ ಕಡೆ ಸೀಟು ಸಿಕ್ಕರೆ ಫೀ ಮನ್ನಾ, ಮೇಲೆ ಸ್ಟೈಪೆಂಡ್. ಕೈಯಿಂದ ಹಾಕಬೇಕಾದದ್ದು ಅರ್ಜಿ ಫೀ, ಒಂದೊಂದಕ್ಕೆ ನೂರು ಡಾಲರಿನ ಆಸುಪಾಸು. ಎಂಟು ಕಡೆ ಹಾಕಿದರೆ ಅದೇ ಒಂದು ಬೈಕಿನ ರೇಟು. ಕಷ್ಟ ಇದೆ ಅಂತ ಬರೆದರೆ ಎಷ್ಟೋ ಕಡೆ ಫೀ ಬಿಡುತ್ತಾರೆ, ನಾಚಿಕೊಳ್ಳದೆ ಕೇಳಿ. ಗಡುವು ಬಹಳ ಕಡೆ ಡಿಸೆಂಬರ್, ಜನವರಿ. ಮೂರು ಶಿಫಾರಸು ಪತ್ರ, ಇಪ್ಪತ್ತು ಪುಟದಷ್ಟು ನಿಮ್ಮದೇ ಬರಹ, ಏನು ಯಾಕೆ ಮಾಡಬೇಕೆಂದಿದ್ದೀರಿ ಅನ್ನುವ ಎರಡು ಪುಟ. ಶಿಫಾರಸು ಪತ್ರವನ್ನು ನೀವೇ ಬರೆದು ಮೇಷ್ಟ್ರ ಸಹಿ ಹಾಕಿಸುವ ನಮ್ಮ ಕಡೆಯ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಪತ್ರ ಅವರ ಇಮೇಲಿನಿಂದಲೇ ಹೋಗಬೇಕು, ಓದಿದರೆ ಗೊತ್ತೂ ಆಗುತ್ತದೆ.

ಅಲ್ಲಿ ಹಳಗನ್ನಡ, ಸಂಸ್ಕೃತ, ತೆಲುಗು, ಪರ್ಷಿಯನ್ ಓದಲು ಬರುವುದು ದೊಡ್ಡ ಬಂಡವಾಳ. ಶಾಸನ ಓದಬಲ್ಲೆ ಅನ್ನುವುದನ್ನು ಕೊನೆಯ ಸಾಲಿಗೆ ತಳ್ಳಬೇಡಿ, ಮೊದಲ ಪ್ಯಾರಾದಲ್ಲೇ ಬರೆಯಿರಿ.

ಸಂರಕ್ಷಣೆಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಇನ್‌ಸ್ಟಿಟ್ಯೂಟ್ ಆಫ್ ಫೈನ್ ಆರ್ಟ್ಸ್, ಡೆಲವೇರ್, ಯುಸಿಎಲ್‌ಎ-ಗೆಟ್ಟಿ ಹೆಸರಾದವು. ಮೂರರಲ್ಲೂ ಸಂರಕ್ಷಕರನ್ನು ತಯಾರು ಮಾಡುವುದು ಸ್ನಾತಕೋತ್ತರ ಹಂತದಲ್ಲೇ. ಡೆಲವೇರ್ ಮತ್ತು ಯುಸಿಎಲ್‌ಎಯಲ್ಲಿ ಅದರ ಮೇಲಿನ ಪಿಎಚ್‌ಡಿಯೂ ಇದೆ. ಪ್ರವೇಶಕ್ಕೆ ಆರ್ಗ್ಯಾನಿಕ್ ಸೇರಿ ಕೆಮಿಸ್ಟ್ರಿ, ಕಲಾ ಇತಿಹಾಸ, ಚಿತ್ರ ಬಿಡಿಸುವ ಕೈ, ನೂರಾರು ಗಂಟೆಯ ಸಂರಕ್ಷಣಾ ಅನುಭವ ಕೇಳುತ್ತಾರೆ. ನಮ್ಮ ಎಂಎಸ್ಸಿ ಹುಡುಗಿಗೆ ಮೊದಲನೆಯದು ಈಗಲೇ ಇದೆ. ಉಳಿದದ್ದಕ್ಕೆ ಎರಡು ವರ್ಷ ಬೇಕು.

ಇಂಗ್ಲೆಂಡಿನಲ್ಲಿ ಮೂರು ನಾಲ್ಕು ವರ್ಷಕ್ಕೆ ಮುಗಿಯುತ್ತದೆ. ಲಂಡನ್ನಿನ ಕೋರ್ಟಾಲ್ಡ್, ಸೋಆಸ್ ಸಂಸ್ಥೆಗಳು ನಮ್ಮ ವಿಷಯಕ್ಕೆ ಒಳ್ಳೆಯವು. ಮೊದಲ ದಿನದಿಂದಲೇ ಪ್ರಸ್ತಾವನೆ ಗಟ್ಟಿ ಇರಬೇಕು. ಫೀ ವರ್ಷಕ್ಕೆ ಇಪ್ಪತ್ತು ಸಾವಿರ ಪೌಂಡ್ ದಾಟುತ್ತದೆ, ಪೂರ್ತಿ ಫೆಲೋಶಿಪ್ ಅಪರೂಪ. ಹೊಲ ಮಾರಿ ಹೋಗುವ ವಿಷಯ ಇದಲ್ಲ. ಸ್ಪಷ್ಟವಾಗಿ ಹೇಳುತ್ತೇನೆ, ಕಲಾ ಇತಿಹಾಸದಲ್ಲಿ ಆ ಸಾಲ ತೀರಿಸುವಂಥ ಸಂಬಳ ಇಲ್ಲ. ಜರ್ಮನಿಯಲ್ಲಿ ಸಾಮಾನ್ಯವಾಗಿ ಬೋಧನಾ ಶುಲ್ಕ ಇಲ್ಲ. ಹೈಡೆಲ್‌ಬರ್ಗ್‌ನಲ್ಲಿ ದಕ್ಷಿಣ ಏಷ್ಯಾದ ಅಧ್ಯಯನಕ್ಕೇ ಒಂದು ಸಂಸ್ಥೆ ಇದೆ. ಊಟ ವಸತಿಗೆ ಡಿಎಎಡಿ ಅನ್ನುವ ಜರ್ಮನ್ ಸಂಸ್ಥೆಯ ಫೆಲೋಶಿಪ್ ಹುಡುಕಿಕೊಳ್ಳಬೇಕು.

ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆಯಲ್ಲ ಅಂತ ಕೇಳುತ್ತೀರಿ. ಇದೆ. ಆದರೆ 2022ರಲ್ಲಿ ಅದರ ನಿಯಮ ಬದಲಾ‌ಯಿಸಿ, ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸದ ವಿಷಯಗಳಿಗೆ ಹಣ ಇಲ್ಲ ಅಂದರು. ಅಂದರೆ ಹಂಪಿಯ ಶಿಲ್ಪದ ಮೇಲೆ ಲಂಡನ್ನಿನಲ್ಲಿ ಓದುತ್ತೇನೆ ಅಂದರೆ ಸಿಗದು. ನನಗಂತೂ ಈ ನಿಯಮದ ತರ್ಕ ಅರ್ಥವಾಗಿಲ್ಲ. ಅರ್ಜಿ ಹಾಕುವ ವರ್ಷದ ಅಧಿಸೂಚನೆಯಲ್ಲಿ ಆ ಸಾಲು ಇನ್ನೂ ಇದೆಯಾ ಅಂತ ಹುಡುಕಿ ಓದಿ, ಆಮೇಲೆ ವಿಷಯ ಆರಿಸಿ.

ಪೂರ್ತಿ ಹೋಗದೆ ಸ್ವಲ್ಪ ಹೋಗಿ ಬರುವ ದಾರಿಯೂ ಇದೆ, ನನಗೆ ಅದೇ ಇಷ್ಟ. ಭಾರತದಲ್ಲಿ ಪಿಎಚ್‌ಡಿಗೆ ನೋಂದಾಯಿಸಿದವರಿಗೆ ಫುಲ್‌ಬ್ರೈಟ್-ನೆಹರು ಫೆಲೋಶಿಪ್‌ನಲ್ಲಿ ಆರರಿಂದ ಒಂಬತ್ತು ತಿಂಗಳು ಅಮೆರಿಕ. ಚಾರ್ಲ್ಸ್ ವಾಲೇಸ್ ಇಂಡಿಯಾ ಟ್ರಸ್ಟ್‌ನಲ್ಲಿ ಸಂಶೋಧನೆಗೆ, ಪರಂಪರೆಯ ಸಂರಕ್ಷಣೆಗೆ ಸ್ವಲ್ಪ ಕಾಲ ಇಂಗ್ಲೆಂಡ್. ಮನೆ ಹತ್ತಿರ ವಸ್ತು, ಹೈದರಾಬಾದಿನಲ್ಲಿ ಗೈಡ್, ನಡುವೆ ಆರು ತಿಂಗಳು ದೊಡ್ಡ ಲೈಬ್ರರಿ. ದುಡ್ಡಿಲ್ಲದವರಿಗೆ ಇದಕ್ಕಿಂತ ಚೆನ್ನಾದ ಜೋಡಣೆ ನಾನು ಕಂಡಿಲ್ಲ.

ಇಮೇಲ್ ಬರೆಯುವಾಗ

ಯಾವ ಗೈಡ್‌ಗಾದರೂ ಮೊದಲ ಇಮೇಲ್ ಹತ್ತು ಸಾಲು ಮೀರಬಾರದು. "ರೆಸ್ಪೆಕ್ಟೆಡ್ ಸರ್, ನನಗೆ ಚಿಕ್ಕಂದಿನಿಂದ ಕಲೆಯಲ್ಲಿ ಆಸಕ್ತಿ" ಅಂತ ಶುರು ಮಾಡಬೇಡಿ. ಎರಡು ಸಾಲಿನಲ್ಲಿ ನಿಮ್ಮ ಪ್ರಶ್ನೆ. ಎರಡು ಸಾಲಿನಲ್ಲಿ ನೀವೇ ನೋಡಿದ್ದು, ಯಾವ ಗುಡಿ, ಯಾವ ಕಂಬ, ಯಾವ ಚಿತ್ರ. ಅವರ ಯಾವ ಲೇಖನ ಓದಿದ್ದೀರಿ, ಅದರಲ್ಲಿ ನಿಮಗೆ ಎಲ್ಲಿ ಅನುಮಾನ ಬಂತು. ಹೊಸಬರನ್ನು ತೆಗೆದುಕೊಳ್ಳುತ್ತಿದ್ದೀರಾ ಅನ್ನುವ ನೇರ ಪ್ರಶ್ನೆ. ಒಂದು ಫೋಟೋ ಲಗತ್ತಿಸಿ. ಮೂರು ವಾರ ಉತ್ತರ ಬಾರದಿದ್ದರೆ ಇನ್ನೊಮ್ಮೆ ಬರೆಯಿರಿ, ಆಮೇಲೆ ಬಿಟ್ಟುಬಿಡಿ.

ಸಿಂಧನೂರಿನ ಮೇಷ್ಟ್ರು ಎನ್‌ಒಸಿಗೆ ಅರ್ಜಿ ಕೊಟ್ಟಿದ್ದಾರೆ, ಫೈಲು ಇನ್ನೂ ಮೇಜಿನಿಂದ ಮೇಜಿಗೆ ಓಡಾಡುತ್ತಿದೆ. ಬಳ್ಳಾರಿಯ ಹುಡುಗಿ ಮೈಸೂರಿಗೆ ಹೋಗಿ ಪ್ರಯೋಗಾಲಯ ನೋಡಿಕೊಂಡು ಬಂದಳು, ಈಗ ನೊಯ್ಡಾದ ಎಂಎಗೆ ತಯಾರಿ. ಎಂವಿಎ ಹುಡುಗ ಮೊನ್ನೆ ರಾತ್ರಿ ಒಂದು ಫೋಟೋ ಕಳಿಸಿದ. ಸ್ಟೀಲ್ ಬೋಗುಣಿಯಲ್ಲಿ ಕಂದು ಬಣ್ಣದ ಅಂಟು, ಪಕ್ಕದಲ್ಲಿ ಗಡಿಯಾರ. ಕೆಳಗೆ ಬರೆದಿದ್ದ: "ಅಣ್ಣಾರ, ನಲವತ್ತು ನಿಮಿಷ ಆತು. ಅಜ್ಜ ಇನ್ನೂ ಕುದೀಬೇಕು ಅಂತಾರ."